ಕೈಗಳ ಮನೆಮಾತು

ನನ್ನ ಮಗಳು ನೆಲಿದಾ ಆರೂವರೆಗೆ ಬರುತ್ತಾಳೆ.
ಬಾಗಿಲು ತೆರೆದದ್ದು ನನಗೆ ಗೊತ್ತಾಗುವುದು
ಮೇಜಿನ ಮೇಲಿನ ಕಾಗದ ಒಮ್ಮೆ ಎದ್ದು ಕೂತಾಗ.
ಕಿವಿ ನನಗೆ ಹುಟ್ಟಿನಿಂದಲೇ ಬರಿಯ ಚರ್ಮ,
ಕನ್ನಡಕ ನಿಲ್ಲಿಸಲಿಕ್ಕೆ.

ಈ ಮೊಂಟೆವಿಡಿಯೊದಲ್ಲಿ ಅವಳದು ಕೈಯ ಕೆಲಸ:
ಕೋರ್ಟಿನಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನ ಗಾಜಿನ ಕಿಂಡಿಯೆದುರು
ಕೇಳುವವರ ಮಾತನ್ನು ನಮ್ಮಂಥವರ ಕಣ್ಣಿಗೆ ದಾಟಿಸುವುದು.
ಬೆಳಿಗ್ಗೆ ಯಾರದೋ ವಿಚ್ಛೇದನ,
ಮಧ್ಯಾಹ್ನ ಯಾರದೋ ಪಿತ್ತಕೋಶದ ಕಲ್ಲು.
ಇವತ್ತು
ಒಬ್ಬ ಹುಡುಗನಿಗೆ, ಅವನ ಅಪ್ಪ ಇನ್ನಿಲ್ಲ ಎಂದು
ಡಾಕ್ಟರು ಬಾಯಲ್ಲಿ ಹೇಳಿದ್ದು ಒಂದು ಸಲ;
ಇವಳ ಕೈ ಮೂರು ಸಲ ಹೇಳಬೇಕಾಯಿತು.
ಹುಡುಗ ಕಣ್ಣು ಮುಚ್ಚಿಬಿಡುತ್ತಿದ್ದನಂತೆ.

ಬಂದವಳು ಕೋಟು ಬಿಚ್ಚುವುದಿಲ್ಲ, ದೀಪ ಹಾಕುವುದಿಲ್ಲ.
ಬೀದಿಯ ಬೆಳಕು ಕಿಟಕಿಯಲ್ಲಿ ಇದ್ದಷ್ಟು ಸಾಕು.
ಯೆರ್ಬಾ ಎಲೆಯ ಕಹಿ ಕುದಿ, ಅದರ ಬಿಸಿ ಸೋರೆಬುರುಡೆಯನ್ನು
ಮಣಿಕಟ್ಟಿಗೆ ಒತ್ತಿಹಿಡಿದು ಐದು ನಿಮಿಷ.
ಆಮೇಲೆ ಆಲಿವ್ ಎಣ್ಣೆ. ಸಾಲಡ್ಡಿಗೆ ಸುರಿಯುವುದೇ, ಬೇರೆಯದಲ್ಲ.
ಅಂಗೈಗೆ ಮೂರು ತೊಟ್ಟು.
ಬಲಗೈ ಹೆಬ್ಬೆರಳು ಎಡ ಅಂಗೈಯ ಗುಳಿಗೆ ಇಳಿಯುತ್ತದೆ,
ನಾದಿದ ಹಿಟ್ಟಿನಲ್ಲಿ ಗಂಟು ಹುಡುಕುವ ಹಾಗೆ
ಸುತ್ತುತ್ತದೆ, ನಿಲ್ಲುತ್ತದೆ, ಸಿಕ್ಕಿತೆಂದು ಅದುಮುತ್ತದೆ.
ಒಂದೊಂದೇ ಬೆರಳನ್ನು ಬುಡದಿಂದ ತುದಿಗೆ
ಹಾಲು ಕರೆವಂತೆ ಎಳೆಯುತ್ತಾಳೆ.
ತುದಿಯಲ್ಲಿ ಏನೂ ತೊಟ್ಟಿಕ್ಕುವುದಿಲ್ಲ.
ಮೇಜಿನ ಕೆಳಗೆ, ಅಂಗಾಲಡಿ,
ನನ್ನ ಹಳೆಯ ಬೋಚಾ ಆಟದ ಮರದ ಚೆಂಡು
ಹಿಮ್ಮಡಿಯಿಂದ ಬೆರಳಿಗೆ, ಬೆರಳಿಂದ ಹಿಮ್ಮಡಿಗೆ;
ಅದರ ಉರುಳು ನೆಲದ ಹಲಗೆ ಹಾದು ನನ್ನ ಪಾದಕ್ಕೆ ಬರುತ್ತದೆ.
ನನಗೆ ಕೇಳುವ ಸದ್ದೆಂದರೆ ಅದು.

ಮೊದಮೊದಲು ಈ ಹೊತ್ತು ನನಗೆ ಕಸಿವಿಸಿ.
ಕೈ ಅಲ್ಲಾಡಿದರೆ ಓದುವ ಕಣ್ಣು ನನ್ನದು.
ಹೆಬ್ಬೆರಳು ಅಂಗೈ ಸವರಿದ್ದು ಬೆಣ್ಣೆಯೋ, ಕ್ಷಮಿಸು ಅಂತಲೋ?
ಮುಷ್ಟಿಯ ಮೇಲೆ ಮುಷ್ಟಿ ಕೂತರೆ?
ಯಾರಿಗೆ ಹೇಳುತ್ತಿದ್ದಾಳೆ, ಏನು ತೊದಲುತ್ತಿದ್ದಾಳೆ ಎಂದು
ಕತ್ತು ಚಾಚಿ ಚಾಚಿ ನೋಡಿ
ಒಂದು ದಿನ ಕೇಳಿಯೇಬಿಟ್ಟೆ: ಏನಂದೆ?
ಅವಳು ಎಣ್ಣೆಗೈಯಲ್ಲೇ, ಜಾರುವ ಅಕ್ಷರದಲ್ಲೇ:
ಏನೂ ಇಲ್ಲಪ್ಪ. ಇದು ಮಾತಲ್ಲ.

ಮಾತಲ್ಲದ ಕೈ!
ಎಪ್ಪತ್ತೊಂದು ವರ್ಷದಲ್ಲಿ ನನಗದು ಹೊಳೆದೇ ಇರಲಿಲ್ಲ.
ಶಾಲೆಯಲ್ಲಿ ನಮ್ಮ ಕೈಗೆ ಬೇರೆ ಪಾಠ:
ಕೈ ಮೇಲೆ ಕೂತುಕೊಳ್ಳಿ, ಬಾಯಿ ಬಿಡಿ.
ಗಂಟಲಿಗೆ ಸಿಸ್ಟರ್ ಎಡೆಲ್ಮಿರಾಳ ಬೆರಳು, ನಾಲಿಗೆಗೆ ಚಮಚ,
ಪಾ, ಪಾ, ಪಾ.
ತುಟಿಯೆದುರಿನ ಮೇಣದಬತ್ತಿ ನಡುಗಿದರೆ ಸರಿ, ನಿಂತರೆ ತಪ್ಪು.
ತೊಡೆಯಡಿಯ ಬೆರಳು ಜೋಮು ಹಿಡಿದು ನೀಲಿ.
ಆಮೇಲೆ ನಲವತ್ತು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದೆ,
ಯಂತ್ರದ ಗದ್ದಲಕ್ಕೆ ಅಲ್ಲಿ ಎಲ್ಲರೂ ಕಿವುಡರೇ.
ಆ ಕೈ ದುಡಿಯಿತು, ಮಾತಾಡಿತು, ಜಗಳವೂ ಆಡಿತು.
ಸುಮ್ಮನೆ ಇನ್ನೊಂದು ಕೈಯ ಜೊತೆ ಕೂತದ್ದು ಯಾವಾಗ?

ಇವತ್ತು ಅವಳು ಎಣ್ಣೆಯ ಬಟ್ಟಲು ನನ್ನತ್ತ ತಳ್ಳಿದಳು.
ಕೈಗಲ್ಲ, ನಿನಗೆ ಇಲ್ಲಿ, ಎಂದು ದವಡೆಯ ಕೀಲು ತೋರಿದಳು,
ಕಿವಿಯ ಮುಂದೆ, ಎರಡು ಬೆರಳಗಲ.
ಒತ್ತಬೇಡ. ಇಡು. ಬಾಯಿ ಸಡಿಲ ಬಿಡು. ಸಣ್ಣ ಸುತ್ತು.
ಅಲ್ಲಿತ್ತು, ಒಣಬಟಾಣಿಯಷ್ಟು ಗಂಟು.
ಮುಟ್ಟಿದರೆ ಕಣ್ಣಲ್ಲಿ ನೀರು.
ಕರಗಿದ ಮೇಣದ ವಾಸನೆ ಬಂತೆಂದರೆ ನೀವು ನಂಬಲಾರಿರಿ.

ಸುತ್ತಿದೆ. ಇನ್ನೊಮ್ಮೆ ಸುತ್ತಿದೆ. ಎಷ್ಟು ಹೊತ್ತೋ.
ದವಡೆ ತಾನಾಗಿ ಜೋತುಬಿತ್ತು,
ಗಂಟಲಿಂದ ಏನೋ ಹೊರಟಿರಬೇಕು, ಎದೆ ಗುಂಯ್ ಅಂದಿತು.
ನೆಲಿದಾ ತಟ್ಟನೆ ತಲೆಯೆತ್ತಿದಳು.
ಹೇಗಿತ್ತು ಸದ್ದು? ಕೇಳಿದೆ.
ಯೋಚಿಸಿದಳು. ಎಣ್ಣೆಗೈ ಎತ್ತಿ
ಗೂಳಿ, ಎಂದಳು. ಅಲ್ಲ, ತಡಿ,
ಹಡಗು. ಮಂಜು ಬಿದ್ದಾಗ ಬಂದರಿನಲ್ಲಿ ಕೂಗುವಂಥದು.
ನನಗೆ ಹಡಗು ಗೊತ್ತು, ಕೂಗು ಗೊತ್ತಿಲ್ಲ.
ಆದರೂ ತಲೆಯಾಡಿಸಿದೆ.

ಆ ಹುಡುಗನ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.
ಅವಳ ಕೈಗಳು ಪುನಃ ಒಂದರೊಳಗೊಂದು ಇಳಿದವು,
ಮೇಜಿನ ಕೆಳಗೆ ಚೆಂಡು ಹೊರಟಿತು.
ಕತ್ತಲಾಯಿತು, ದೀಪ ಹಾಕೋಣವೇ, ಎಂದು ಕೇಳಬೇಕಿತ್ತು;
ನನ್ನ ಎರಡು ಕೈಗೂ ಬಿಡುವಿರಲಿಲ್ಲ.