ಅಚ್ಚು

ದೊಡ್ಡ ಕಂಪನಿಯವರು ಕಳಿಸಿದ ಪುಸ್ತಕದಲ್ಲಿ
ಇಪ್ಪತ್ತು ಬಣ್ಣ, ಮಾತಾಡುವ ಮನುಷ್ಯ ಒಬ್ಬನೂ ಇಲ್ಲ.
ಹಾಗಾಗಿ ಹಚಿನ್ಸನ್ ದಾಟಿ, ಗೋಧಿ ಹೊಲಗಳ ನಡುವೆ
ಡೆಲ್ಬರ್ಟ್ ಪೆನ್ನರನ ತಗಡಿನ ಶೆಡ್ಡಿಗೆ ಬಂದೆ.

ರಾಳದ ಘಾಟು. ಮೂಗು ಉರಿಯಿತು.
ಚಕ್ರವಿಲ್ಲ, ಎಂಜಿನ್ನಿಲ್ಲ,
ಎರಡು ಮರದ ಸ್ಟ್ಯಾಂಡುಗಳ ಮೇಲೆ ಫೈಬರ್‌ಗ್ಲಾಸಿನ ಬೂದು ಚಿಪ್ಪು,
ಮೂವತ್ತೆರಡರ ಫೋರ್ಡಿನ ಆಕಾರ,
ಇನ್ನೂ ಕಾರಾಗದ ಕಾರು.

ಮಡಕೆ ಕೊಳ್ಳುವವಳ ಹಾಗೆ ಬೆರಳ ಗೆಣ್ಣಿನಿಂದ ಬಡಿದೆ.
ಒಂದೊಂದು ಕಡೆ ಒಂದೊಂದು ದನಿ.
"ಅಲ್ಲಿ ಎರಡು ಪದರ ಹೆಚ್ಚು," ಅಂದ, "ಬಾಗಿಲ ಭಾರವೆಲ್ಲ ಅಲ್ಲೇ.
ಬಲಗಡೆಯದು ನೆಟ್ಟಗೆ ಕೂರುವುದಿಲ್ಲ.
ಒಂದು ವಾರ ಉಜ್ಜಬೇಕು. ಈಗಲೇ ಹೇಳಿದ್ದೇನೆ."

ಮೂವತ್ತು ವರ್ಷ ಟಪಾಲು ಹಂಚಿದವಳು ನಾನು,
ಲಕೋಟೆ ಮುಟ್ಟಿದರೆ ಸಾಕು, ಸುದ್ದಿ ತಿಳಿಯುತ್ತಿತ್ತು.
ಎಡ ಹೆಗಲ ಮೇಲೆ ಕೈ ನಿಂತಿತು:
ಹೆಬ್ಬೆಟ್ಟು ಕೂರುವಷ್ಟು ತಗ್ಗು.

ಡೆಲ್ಬರ್ಟ್ ಕೆಮ್ಮಿದ.
"ಅಪ್ಪನ ಕಾರಿನಿಂದ ತೆಗೆದ ಅಚ್ಚು. ಆ ತಗ್ಗು ನನ್ನದೇ.
ಎಂಟು ವರ್ಷ, ಕೈಗೆ ಸುತ್ತಿಗೆ ಸಿಕ್ಕಿತ್ತು.
ಅಪ್ಪ ಹೊಡೆಯಲಿಲ್ಲ. ಮೂರು ದಿನ ಮಾತು ಬಿಟ್ಟ.
ಹದಿನೇಳು ಬಾಡಿ ಹೊರಟವು ಇಲ್ಲಿಂದ,
ಟಲ್ಸಾದಲ್ಲಿ, ಒಮಾಹಾದಲ್ಲಿ, ಎಲ್ಲೆಲ್ಲೋ
ಓಡಾಡುತ್ತಿದೆ ನನ್ನ ಪೆಟ್ಟು.
ಬೇಕೆಂದರೆ ಮೆತ್ತಿ ಕೊಡುತ್ತೇನೆ, ದುಡ್ಡು ಬೇಡ."

"ಅಚ್ಚನ್ನೇ ಯಾಕೆ ತಿದ್ದಲಿಲ್ಲ ಮತ್ತೆ?"

ಅವನು ಪೆನ್ನು ಹುಡುಕತೊಡಗಿದ.
ಅದು ಕಿವಿಯ ಮೇಲೇ ಇತ್ತು.
ನಾನು ಮುಂಗಡದ ನೋಟು ಎಣಿಸಿದೆ,
ಒಮ್ಮೆ ತಪ್ಪಿ, ಮತ್ತೆ.