ಚೌಕ ಕಂಸ

ನನ್ನ ಕೆಲಸ ಕಿವಿಯದ್ದು, ಸಂಬಳ ಬೆರಳಿಗೆ.
ಹಲ್ ಊರಿನ ಹೆಸಲ್ ರಸ್ತೆಯಲ್ಲಿ, ಮೀನು ಹೊಗೆಗಿಡುತ್ತಿದ್ದ
ಹಳೇ ಗೋದಾಮಿನ ಎದುರು ಮಹಡಿ ಕೋಣೆ.
ಹೆಡ್‌ಫೋನು ಏರಿಸಿ ಕೂತು
ಧಾರಾವಾಹಿಗಳಿಗೆ ಅಡಿಬರಹ ಬರೆಯುತ್ತೇನೆ
ಕಿವಿ ಕೇಳದವರಿಗೆ.
ಸಾಲಿಗೆ ಮೂವತ್ತೇಳು ಅಕ್ಷರ, ಎರಡೇ ಸಾಲು.
ಸದ್ದುಗಳಿಗೆ ಚೌಕ ಕಂಸ:
[ಬಾಗಿಲು ಕಿರುಗುಟ್ಟಿತು] [ದೂರದಲ್ಲಿ ನಾಯಿ]
ಮೌನಕ್ಕೆ ಏನೂ ಬರೆಯಕೂಡದು. ನಿಯಮ ಹನ್ನೆರಡು.

ಈ ಚಳಿಗಾಲ ನನ್ನ ಪಾಲಿಗೆ ಬಂದದ್ದು ಬುಧವಾರದ ಕಥೆ.
ಒಬ್ಬ ನಟ; ಪರದೆಯೊಳಗಿನ ಪರದೆಯಲ್ಲಿ ಪತ್ತೇದಾರ,
ಹನ್ನೊಂದು ವರ್ಷ ಅದೇ ಮಳೆಕೋಟು.
ಒಬ್ಬ ಅಭಿಮಾನಿ, ಕೀರನ್, ಸಿಟಿ ಬಸ್ಸಿನ ಚಾಲಕ.
ಹಸ್ತಾಕ್ಷರಕ್ಕೆಂದು ಸಾಲಿನಲ್ಲಿ ನಿಂತವನು
ಪೆನ್ನು ಮರೆತು ಬಂದಿದ್ದ.
ಅಲ್ಲಿಂದ ಶುರು.

ಆರನೇ ಕಂತು. ಕೊನೆಯ ನಿಲ್ದಾಣ, ಖಾಲಿ ಬಸ್ಸು, ಆರಿಸಿದ ಎಂಜಿನ್ನು.
"ನೀನು ನೋಡುತ್ತಿರುವುದು ನನ್ನನ್ನಲ್ಲ, ಈ ಕೋಟನ್ನು."
"ಬಿಚ್ಚು ಮತ್ತೆ. ಚಳಿಯಾದರೆ ಹೇಳು."
ಆಮೇಲೆ ನಲವತ್ತು ಸೆಕೆಂಡು ಮಾತಿಲ್ಲ.
ಉಸಿರಿದೆ.
ಕನ್ನಡದಲ್ಲಾದರೆ ಉಸಿರಿನ ಗಂಟೇ ಇದೆ ನನ್ನ ಬಳಿ:
ನಿಟ್ಟುಸಿರು, ಬಿಸಿಯುಸಿರು, ಏದುಸಿರು,
ಅಜ್ಜಿಯ ಸುಯ್ಲು,
ಅಪ್ಪನ 'ಯಾರ ಮುಂದೂ ಉಸಿರೆತ್ತಬೇಡ'.
ಇಂಗ್ಲಿಷಿನಲ್ಲಿ ಇಷ್ಟೇ ಬರೆದೆ: [ಉಸಿರಾಡುತ್ತಾನೆ]
ಯಾವನು, ಎಂದಿತು ಕಚೇರಿ. ಇಬ್ಬರೂ, ಎಂದೆ.
[ಉಸಿರಾಡುತ್ತಾರೆ]
ನನ್ನ ಭಾಷೆಯಲ್ಲಿ ಅದು ಬಹುವಚನವೋ ಮರ್ಯಾದೆಯೋ
ಹೇಳಲಾಗದು. ಎರಡೂ ಇರಲಿ.
ಕಂಸನ ಸೆರೆಯಲ್ಲಿ ಹುಟ್ಟಿದ್ದು ರಾತ್ರೋರಾತ್ರಿ ಹೊಳೆ ದಾಟಿ
ಬೇರೆ ಮನೆ ಸೇರಿದ ಕಥೆ ಕೇಳಿ ಬೆಳೆದವನು ನಾನು.

ಈ ಕಂಸದಿಂದ ಹೊರಟದ್ದು ಹೊಳೆ ದಾಟಲಿಲ್ಲ,
ಒಂದು ಗೋಡೆ ದಾಟಿತು.
ಪಕ್ಕದ ಮನೆಯ ಸಿರಿಲ್ ವಾರ್ಡೆಲ್, ಎಂಬತ್ತೊಂದು;
ಮೀನುಹಡಗಿನ ಎಂಜಿನ್ ಕೋಣೆ ಎರಡೂ ಕಿವಿ ತಿಂದಿದೆ.
ಗುರುವಾರ ಬೆಳಿಗ್ಗೆ ಕಸದ ಡಬ್ಬಿ ಎಳೆಯುವಾಗ ಹಿಡಿದರು,
ತಮಗೇ ಕೇಳದ ದೊಡ್ಡ ದನಿಯಲ್ಲಿ:
"ಉಸಿರಾಡುತ್ತಾರೆ ಅಂತ ಬರೆದವನು ನೀನೇ ತಾನೆ?
ಎಂಥ ಉಸಿರು ಅದು?"
ಅಂಚೆಯವಳು ನಿಂತಳು.
ಕಡಲಕ್ಕಿಯೊಂದು ಹರಿದ ಚೀಲ ಬಿಟ್ಟು ನೋಡಿತು.

ಒಳಗೆ ಕರೆದೊಯ್ದರು. ಒಲೆಗೂಡಿನ ಮೇಲೆ ಪಟ:
ಕಡಲದಂಡೆ, ಪ್ಯಾಂಟು ಮಡಚಿದ ಇಬ್ಬರು, ನಡುವೆ ಒಂದು ಬಕೆಟ್ಟು.
"ಮಾರಿಸ್. ಬಾಡಿಗೆದಾರ."
ಜನಗಣತಿಗೆ, ಬೀದಿಗೆ, ಆಸ್ಪತ್ರೆಯ ನರ್ಸಮ್ಮನಿಗೆ
ಮೂವತ್ತೊಂದು ವರ್ಷ ಬಾಡಿಗೆದಾರ.
"ಕಿವಿ ಹೋದ ಮೇಲೆ ಅವನ ತುಟಿ ಓದುತ್ತಿದ್ದೆ.
ಓದಲು ದೀಪ ಬೇಕಲ್ಲ.
ದೀಪ ಹಾಕಿದರೆ ಬೀದಿಗೆ ಕಾಣುತ್ತಿತ್ತು."

ಏನು ಹೇಳಲಿ? ಮೂವತ್ತೇಳು ಅಕ್ಷರದಲ್ಲಿ ಹಿಡಿಯುವಂಥದ್ದಲ್ಲ.
ಅವರ ಅಂಗೈಯನ್ನು ನನ್ನ ಬಾಯ ಹತ್ತಿರ ತಂದು
ಕೀರನ್‌ನ ಹಾಗೆ ಬಿಟ್ಟೆ:
ಮೊದಲು ತಡೆದದ್ದು,
ಆಮೇಲೆ ತುಂಡು ತುಂಡು,
ಆಮೇಲೆ, ಬಸ್ಸಿನ ಗಾಜು ಮಬ್ಬಾಗುವಷ್ಟು.
ಮುಷ್ಟಿ ಮುಚ್ಚಿದರು, ಚಿಲ್ಲರೆ ಎಣಿಸಿಕೊಂಡವರಂತೆ.
"ಮಾರಿಸನದರಲ್ಲಿ ಹೊಗೆಸೊಪ್ಪಿತ್ತು," ಎಂದರು.

ಕೆಟಲು ಕುದಿಯಿತು. ಅದು ಕೇಳಿದ್ದು ನನಗೊಬ್ಬನಿಗೆ.
"ಎಂಟನೇ ಕಂತಿಗೆ ಮುಗಿಯುತ್ತಂತೆ.
ಒಬ್ಬನನ್ನು ಸಾಯಿಸುತ್ತಾರಾ?
ಇಂಥ ಕಥೆಯಲ್ಲಿ ಒಬ್ಬನನ್ನು ಸಾಯಿಸಿಯೇ ತೀರುತ್ತಾರೆ."
ಎಂಟನೆಯದು ಹೋದ ವಾರವೇ ಬರೆದು ಕಳಿಸಿದ್ದೆ.
ಒಪ್ಪಂದಕ್ಕೆ ಸಹಿ ಇದೆ, ಯಾರ ಮುಂದೂ ಉಸಿರೆತ್ತುವಂತಿಲ್ಲ.
ಅವರ ಚಹಾಕ್ಕೆ
ಕೇಳದೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕದಡಿದೆ.
ಕನ್ನಡಕ ಸರಿಮಾಡಿಕೊಂಡು
ಅದನ್ನು ಓದಿಕೊಂಡರು.