ದಿನಾಂಕ ನಂತರ ತಿಳಿಸಲಾಗುವುದು

ನಿನ್ನೆ ಸಂಜೆಯೇ ಹಾಕಿಟ್ಟಿದ್ದೆ ಇನ್ನೂರ ನಲವತ್ತು ಮೇಜು.
ಮೇಜಿಗೂ ಮೇಜಿಗೂ ನಡುವೆ ನನ್ನ ಎರಡು ಹೆಜ್ಜೆ,
ಒಬ್ಬರ ಉತ್ತರ ಇನ್ನೊಬ್ಬರ ಕಣ್ಣಿಗೆ ಎಟುಕದಷ್ಟು.
ಬೆಳಿಗ್ಗೆ ಎದ್ದರೆ ಕುವೈತ್ ಇರಲಿಲ್ಲ.
ಕಿಟಕಿಯಾಚೆ ಅರಿಶಿನ ಕದಡಿದ ನೀರಿನಂಥ ಗಾಳಿ;
ನೀರಿನ ಗೋಪುರ, ಖರ್ಜೂರದ ಮರ, ನಿಂತ ಬಸ್ಸು
ಒಂದೊಂದಾಗಿ ಅಳಿಸಿಹೋದವು.

ಏಳೂಕಾಲಿಗೆ ಎಲ್ಲರ ಫೋನಿಗೂ ಹೋಯಿತಂತೆ:
ಅನಿರೀಕ್ಷಿತ ಕಾರಣಗಳಿಂದ ಅಂತಿಮ ಪರೀಕ್ಷೆ ಮುಂದೂಡಲಾಗಿದೆ.
ಮೇಜು ಹಾಕುವವನಿಗೆ ಯಾರು ಕಳಿಸುತ್ತಾರೆ?
ನಾನು ಒರೆಸುತ್ತಲೇ ಇದ್ದೆ, ಧೂಳು ಕೂರುತ್ತಲೇ ಇತ್ತು.
ನೂರನೆಯದು ಮುಗಿಸಿ ತಿರುಗಿದರೆ ಮೊದಲನೆಯದರ ಮೇಲೆ
ಆಗಲೇ ಯಾರೋ ಕಡಲೆಹಿಟ್ಟು ಜರಡಿ ಹಿಡಿದ ಹಾಗೆ.

ಒಂಬತ್ತಕ್ಕೆ ಬಂದಳು ಒಬ್ಬಳೇ ಒಬ್ಬಳು,
ಜಹ್ರಾದಿಂದ, ದೀಪ ಹಾಕಿಕೊಂಡು, ಆಮೆಯಂತೆ ಕಾರು ತೆವಳಿಸುತ್ತ.
ಓದಿಗೆ ಅಡ್ಡಿಯೆಂದು ಎರಡು ದಿನ ಫೋನು ಮುಚ್ಚಿಟ್ಟವಳು.
ರೆಪ್ಪೆಯಲ್ಲೆಲ್ಲ ಮಣ್ಣು.
ನಾನೇ ಹೇಳಬೇಕಾಯಿತು ಮುರುಕು ಅರಬಿಯಲ್ಲಿ:
ಬಾದೇನ್, ಬಾದೇನ್. ಆಮೇಲೆ, ಆಮೇಲೆ.
ಅವಳು ನಗಲಿಲ್ಲ, ಅಳಲಿಲ್ಲ,
ನೂರಾ ಹದಿನೇಳು ಹುಡುಕಿ ಕೂತಳು.
'ತುಳುಕದ ಹಾಗೆ ತಂದಿದ್ದೆ ಎಲ್ಲವನ್ನೂ ತಲೆಯಲ್ಲಿ.
ಸ್ವಲ್ಪ ಹೊತ್ತು ಇರಲೇ?'

ಇರು ಎಂದೆ.

ನನ್ನದೂ ಮುಂದೂಡಿತ್ತು. ಬಿ.ಕಾಂ. ಕೊನೆಯ ಪತ್ರಿಕೆ, ಲೆಕ್ಕಪತ್ರ.
ಯಾರೋ ಪ್ರಶ್ನೆ ಮಾರಿಕೊಂಡಿದ್ದರಂತೆ.
ಹೊಸ ದಿನಾಂಕ ಹದಿನಾಲ್ಕು;
ಬೊಂಬಾಯಿಯಿಂದ ನನ್ನ ವಿಮಾನ ಹನ್ನೊಂದಕ್ಕೆ.
ವೀಸಾ ಕೊಡಿಸಿದ ಭಾವ ಅಂದಿದ್ದ,
ಪರೀಕ್ಷೆ ಎಲ್ಲಿ ಓಡಿಹೋಗುತ್ತದೆ ಮಾರಾಯ?
ಸರಿಯೇ. ಅದು ಓಡಲಿಲ್ಲ.
ಇಪ್ಪತ್ತಾರು ವರ್ಷದಿಂದ ಅಲ್ಲೇ ಕೂತಿದೆ
ಕಾಪುವಿನ ಯಾವುದೋ ಕೊಠಡಿಯಲ್ಲಿ, ಖಾಲಿ ಬೆಂಚಿನೆದುರು.
ಸವಕಳಿ ಲೆಕ್ಕ ನನಗೆ ಈಗಲೂ ಬರುತ್ತದೆ:
ಉಳಿದುದರಲ್ಲಿ ವರ್ಷಕ್ಕೆ ಶೇಕಡಾ ಹತ್ತು ಕಳೆಯುತ್ತ ಹೋಗು,
ಎಷ್ಟು ಕಳೆದರೂ
ಪೂರ್ತಿ ಸೊನ್ನೆಯಾಗುವುದಿಲ್ಲ.

ಅವಳು ಏನೂ ಬರೆಯಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು.
ಚೀಲದಿಂದ ಗಿಣ್ಣಿನ ರೊಟ್ಟಿ ತೆಗೆದು
ಅರ್ಧ ನನ್ನತ್ತ ಚಾಚಿದಳು. ಬಾಯಲ್ಲಿ ಮರಳು ಕರಕರ.
'ಯಾವತ್ತಂತೆ?'
ಗೊತ್ತಿಲ್ಲ ಎನ್ನುವುದಕ್ಕೆ ನನ್ನ ಅರಬಿ ಸಾಕು.

ಹತ್ತೂವರೆಗೆ ಹೊರಟಳು.
ಮೇಲ್ವಿಚಾರಕ ಥಂಕಚ್ಚನ್ ಬಂದು ಕೆಮ್ಮಿದ:
ಮೇಜು ಎತ್ತಬೇಡ, ಚೀಟಿ ಕೀಳಬೇಡ, ನಾಳೆಯೇ ಇದ್ದರೂ ಇರಬಹುದು.
ನೂರಾ ಹದಿನೇಳರ ಮೇಲೆ ಎರಡು ಮೊಣಕೈಯ ಗುರುತು.
ಒಂದು ಗಳಿಗೆ ನೋಡಿದೆ.
ಅದನ್ನೂ ಒರೆಸಿ
ಮತ್ತೆ ಒಂದನೆಯದಕ್ಕೆ ಬಂದೆ.